ಎಂಟು ಕಾಲಿನ ಇರುವೆ

ಜನವರಿ 9

ಅಮ್ಮಾ,

ಕೋಣೆ ಸಿಕ್ಕಿತು! ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಬೀದಿಯ ಕಡೆಗೆ ಸಾಲು ಕಿಟಕಿ. ನೆಲದ ತುಂಬ ಗ್ರೀಸಿನ ಕಲೆ, ಗೋಡೆಯ ತುಂಬ ಮೊಳೆಯ ತೂತು, ಆದರೆ ಬೆಳಕು ಧಾರಾಳ. ನಮ್ಮ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಹೆಂಗಸರೂ ನೂಲಿನ ಗಿರಣಿಯಿಂದ ನನ್ನ ಸಂಗಾತಿಯೂ ಅವನ ಜೊತೆಯ ಫಿಟ್ಟರುಗಳೂ ಸೇರಿ ಸುಣ್ಣ ಬಳಿದೆವು. ಪಾಳಿ ಮುಗಿಸಿ ಬಂದವರು ಇನ್ನು ಗೇಟಿನ ಮುಂದೆ ನಿಂತು ಕರಪತ್ರ ಓದಬೇಕಿಲ್ಲ. ಕುಳಿತು ಓದಬಹುದು, ವಾದ ಮಾಡಬಹುದು, ತಲೆ ಎತ್ತಿ ಮನೆಗೆ ಹೋಗಬಹುದು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ಬೋರ್ಡು ನೀನೂ ಅಪ್ಪನೂ ಬರೆದುಕೊಡಬೇಕು. ಬಿಳಿಯ ಮೇಲೆ ಕೆಂಪು. 'ದುಡಿಯುವವರ ಓದುಕೋಣೆ.' ಅಷ್ಟೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇರುವೆ ಬೇಡ. ಅಪ್ಪ ಬರೆಯುವ ಪ್ರತಿ ಬೋರ್ಡಿನಲ್ಲೂ ಎಲ್ಲಾದರೊಂದು ಕಡೆ ಒಂದು ಇರುವೆ ಬಚ್ಚಿಡುವುದು, ಬಣ್ಣ ಒಣಗುವುದರೊಳಗೆ ನೀನು ಅದನ್ನು ಹುಡುಕುವುದು, ಸೋತವರು ಬ್ರಷ್ ತೊಳೆದು ಟೀ ಮಾಡುವುದು: ಮೂವತ್ತು ವರ್ಷದಿಂದ ಇದನ್ನು ಆಡುತ್ತಿದ್ದೀರಿ. ನಾನು ಇದರಲ್ಲೇ ಬೆಳೆದವಳು. ದರ್ಜಿಯ ಬೋರ್ಡಿಗೆ, ಹಲ್ಲಿನ ಡಾಕ್ಟರ ಬೋರ್ಡಿಗೆ ಅದು ಸರಿ. ಇದು ಚಳವಳಿಯ ಬೋರ್ಡು. ಇನ್ನೊಂದು ವಿಷಯ: ಟೀ ಮಾಡುವುದು ಸೋತವರಿಗೆ ಶಿಕ್ಷೆಯಾಗಬಾರದು, ಇಬ್ಬರ ಪಾಲಿನ ಕೆಲಸವಾಗಬೇಕು. ಮತ್ತೂ ಒಂದು: ಅಕ್ಷರ ಬರೆಯುವವಳು ನೀನು, ಬಣ್ಣ ತುಂಬುವವರು ಅಪ್ಪ, ಮೂಲೆಯಲ್ಲಿ ಸಹಿ ಮಾತ್ರ 'ಮೀಸೆ' ಎಂದು ಅಪ್ಪನದೊಂದೇ. ನಿನ್ನ ದುಡಿಮೆ ಎಲ್ಲಿ ಹೋಯಿತು? ಈ ಅನ್ಯಾಯದ ಬಗ್ಗೆ ನೀನು ಯಾವತ್ತಾದರೂ ಕೇಳಿದ್ದೀಯಾ?

ನಾವಿಬ್ಬರೂ ಚೆನ್ನಾಗಿದ್ದೇವೆ. ಅಡುಗೆ ವಾರದಲ್ಲಿ ಅರ್ಧ ನನ್ನದು, ಅರ್ಧ ನನ್ನ ಸಂಗಾತಿಯದು. ಭಾನುವಾರ ಬೆಳಿಗ್ಗೆ ಆತ್ಮವಿಮರ್ಶೆಯ ಸಭೆ. ಅವನು ನನ್ನ ತಪ್ಪು ಹೇಳುತ್ತಾನೆ, ನಾನು ಅವನದು, ಒಪ್ಪಿದ್ದನ್ನು ಬರೆದಿಡುತ್ತೇವೆ. ಮದುವೆಯ ದಿನ ನಾವು ಮಾಡಿಕೊಂಡ ಒಪ್ಪಂದ ನಿನಗೆ ನೆನಪಿರಬೇಕು: ವರ್ಷ ತುಂಬಿದ ದಿನ, ಜೂನ್ ಒಂದಕ್ಕೆ, ಎದುರು ಬದುರು ಕುಳಿತು ಮುಂದುವರಿಯುವುದೋ ಬಿಡುವುದೋ ತೀರ್ಮಾನಿಸುತ್ತೇವೆ. ಅಭ್ಯಾಸಬಲದಿಂದ ಒಟ್ಟಿಗಿರುವುದು ಗುಲಾಮಗಿರಿ.

ಬೋರ್ಡಿಗಾಗಿ ಬೀದಿಯತ್ತ ಕಣ್ಣು ನೆಟ್ಟಿರುವ,
ನಿನ್ನ ಸಿಡಿಲಮರಿ


ಜನವರಿ 21

ಮಗಳೇ,

ನಿನ್ನ ಕಾಗದವನ್ನು ನಿಮ್ಮಪ್ಪ ಏಣಿಯ ಮೇಲೆ ನಿಂತು ಗಟ್ಟಿಯಾಗಿ ಓದಿದರು. ನಾನು ಕೆಳಗೆ ಬಣ್ಣ ಕಲಸುತ್ತಿದ್ದೆ. 'ಇರುವೆ ಬೇಡ' ಎಂದಿರುವಲ್ಲಿಗೆ ಬಂದು ನಿಂತರು.

"ಏ ಜಡೆ, ಕೇಳಿದ್ಯಾ? ಇರುವೆಗೆ ನಿನ್ ಮಗಳು ಬಾಗಿಲು ಹಾಕಿದಾಳೆ."

"ಇರುವೇನೂ ದುಡಿಯೋ ಜಾತೀನೇ ಅಲ್ವೇನ್ರೀ? ಅದನ್ನ್ಯಾಕೆ ಹೊರಗಿಡ್ತಾಳಂತೆ?"

"ಹಾಗೆ ಬರಿ, ಹಾಗೇ ಬರಿ! ಇದಕ್ಕೆ ಅವಳ ಹತ್ರ ಜವಾಬಿದ್ರೆ ನನ್ ಮೀಸೆ ಬೋಳಿಸ್ತೀನಿ."

ಬರೆದಿದ್ದೇನೆ. ಜವಾಬು ಕೊಡು.

ಸಹಿಯ ವಿಷಯ ನಾನು ಯಾವತ್ತೂ ಕೇಳಿರಲಿಲ್ಲ. ನೀನು ಬರೆದ ಮೇಲೆ ಅಂಗಡಿಯಲ್ಲಿದ್ದ ಬೋರ್ಡುಗಳ ಮೂಲೆಗಳನ್ನೆಲ್ಲ ಒಂದು ಸುತ್ತು ನೋಡಿ ಬಂದೆ. ಮೀಸೆ, ಮೀಸೆ, ಮೀಸೆ. ನಿಮ್ಮಪ್ಪ ನಾನು ನೋಡುವುದನ್ನು ನೋಡಿದರು. ಯೋಚನೆಯಲ್ಲಿದ್ದಾರೆ. ನಿನ್ನ ಕರಪತ್ರಗಳಿಂದ ಉಪಯೋಗವಿಲ್ಲ ಎಂದು ನಾನು ಇನ್ನು ಅನ್ನುವುದಿಲ್ಲ.

ಒಂದೇ ಪ್ರಶ್ನೆ. ಭಾನುವಾರದ ಸಭೆಯಲ್ಲಿ ತಪ್ಪು ಹೇಳುವ ಸರದಿ ಇಬ್ಬರಿಗೂ ಇದೆ. ನಗಿಸುವ ಸರದಿ ಯಾರದು?

ಬಣ್ಣದ ಕೈಯಲ್ಲೇ ಬರೆಯುತ್ತಿರುವ,
ಅಮ್ಮ


ಫೆಬ್ರವರಿ 6

ಸಿಡಿಲಮರಿಗೆ,

ಈ ಕಾಗದವನ್ನು ನಿಮ್ಮಮ್ಮನಿಗೆ ತೋರಿಸದೆ ಹಾಕುತ್ತಿದ್ದೇನೆ. ಬೋರ್ಡು ಲಾರಿ ಹತ್ತಿದೆ. ಗೋಣಿ ಸುತ್ತಿದ್ದೇನೆ, ಮೂಲೆಗಳಿಗೆ ರಟ್ಟು ಕಟ್ಟಿದ್ದೇನೆ. ಇರುವೆ ಹಾಕಿಲ್ಲ, ಮೀಸೆಯಾಣೆ.

ಗುಟ್ಟಿನ ಮಾತು ಬೇರೆ ಇದೆ. ನಿಮ್ಮಮ್ಮನ ಕಣ್ಣು ಮಂಜಾಗುತ್ತಿದೆ. ಅವಳು ಹೇಳಿಲ್ಲ, ನಾನು ಕೇಳಿಲ್ಲ. ಅಕ್ಷರ ಈಗಲೂ ದಾರ ಹಿಡಿದ ಹಾಗೆ ಬರುತ್ತವೆ, ಅದು ಕೈಯ ಅಭ್ಯಾಸ. ಆದರೆ ಇರುವೆ ಹುಡುಕುವಾಗ ಮೂಗು ಬೋರ್ಡಿಗೆ ತಾಗುತ್ತದೆ. ಹೋದ ವಾರ ಮೂಗಿನ ತುದಿಗೆ ಹಸಿರು ಹತ್ತಿತ್ತು. ಡಾಕ್ಟರೆಂದರೆ ಅವಳಿಗೆ ಎಷ್ಟು ಹೆದರಿಕೆ ಅಂತ ನಿನಗೇ ಗೊತ್ತು. ಅದಕ್ಕೇ ನಾನು ಇರುವೆಯನ್ನು ಸ್ವಲ್ಪ ಸ್ವಲ್ಪವಾಗಿ ದೊಡ್ಡದು ಮಾಡುತ್ತಾ ಬಂದಿದ್ದೇನೆ. ಮೊದಲು ಎಳ್ಳಿನಷ್ಟಿತ್ತು, ಆಮೇಲೆ ಅಕ್ಕಿಕಾಳು, ಈಗ ಕಡಲೆಕಾಳು. ಸಿಕ್ಕ ಕೂಡಲೇ "ಹಿಡಿದೆ ನೋಡಿ ಮೀಸೆ!" ಅಂತ ಕುಣಿಯುತ್ತಾಳೆ. ಆ ಕುಣಿತ ನಿಲ್ಲಬಾರದು. ಮಗಳೇ, ನೀನು ಬಾಯಿ ಬಿಡಬೇಡ.

ನಿಮ್ಮ ಭಾನುವಾರದ ಸಭೆಯ ಕಾರ್ಯದರ್ಶಿ ಅಳಿಯಂದಿರಿಗೆ ನನ್ನ ಸಲಾಮು ತಿಳಿಸು. ಮದುವೆ ದಿನ ಒಂದು ಸಲ ನಕ್ಕಿದ್ದರು. ಆಮೇಲೂ ನಗುತ್ತಾರೆ ತಾನೆ?

ಬ್ರಷ್ ತೊಳೆಯಲು ಹೊರಟ,
ಮೀಸೆ


ಮಾರ್ಚ್ 3

ಅಮ್ಮಾ,

ನನಗೆ ಬಂದಿರುವ ಕೋಪಕ್ಕೆ ಪೆನ್ನು ಕಾಗದವನ್ನು ಹರಿಯುತ್ತಿದೆ.

ನಿನ್ನೆ ಉದ್ಘಾಟನೆ. ಕೋಣೆ ತುಂಬಿ ಮೆಟ್ಟಿಲ ಮೇಲೂ ಜನ, ಸೈಕಲ್ ಅಂಗಡಿಯ ಮುಂದೂ ಜನ! ಸಂಘದ ಅಧ್ಯಕ್ಷರು ಬೋರ್ಡಿನ ಪಕ್ಕ ನಿಂತು ಭಾಷಣ ಮಾಡುತ್ತಿದ್ದರು. ಹರೆಯದಲ್ಲಿ ಜೈಲು ಕಂಡು ಬಂದ ಮುದುಕರು, ದನಿ ಗುಡುಗಿನ ಹಾಗೆ. "ಈ ಬೋರ್ಡು ಬರೀ ಬೋರ್ಡಲ್ಲ" ಎಂದು ಅದರ ಕಡೆ ಕೈ ತೋರಿಸಿದವರು ಹಾಗೇ ನಿಂತರು. ಕಣ್ಣು ಕಿರಿದು ಮಾಡಿದರು. "ತಡೀರಪ್ಪ, ಏನೋ ಕೂತಿದೆ" ಎಂದು ಉಗುರಿನಿಂದ ಚಿಮ್ಮಿದರು. ಹೋಗಲಿಲ್ಲ. ಇನ್ನೊಮ್ಮೆ ಚಿಮ್ಮಿದರು. ಊದಿದರು. ಕರವಸ್ತ್ರ ತೆಗೆದು ಒರೆಸಿದರು. ಆಮೇಲೆ ಜನರ ಕಡೆ ತಿರುಗಿ, "ಇದು ಬರೆದಿರೋ ಇರುವೆ ಕಣ್ರಯ್ಯಾ!" ಅಂದರು.

ಬೀದಿಯೆಲ್ಲ ನಗು. ಅಧ್ಯಕ್ಷರು ತಾವೂ ನಕ್ಕು ಭಾಷಣವನ್ನೇ ಮರೆತರು. ಮೀಸೆಯಾಣೆ ಹಾಕಿದ ಅಪ್ಪನ ಮೀಸೆಯನ್ನು ಯಾರಾದರೂ ಇವತ್ತೇ ಬೋಳಿಸಬೇಕು!

ಎಲ್ಲಕ್ಕಿಂತ ಉರಿದದ್ದು ಏನು ಗೊತ್ತೇ? ನನ್ನ ಸಂಗಾತಿ ನಕ್ಕ. ಸಣ್ಣಗಲ್ಲ, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕುಳಿತು ನಕ್ಕ. ಅವನ ಕೆಳಸಾಲಿನ ಹಲ್ಲೊಂದು ಸೊಟ್ಟಗಿದೆ ಎಂದು ನನಗೆ ತಿಳಿದದ್ದು ನಿನ್ನೆ. ಒಂದೇ ಮನೆಯಲ್ಲಿ ಒಂಬತ್ತು ತಿಂಗಳು! ಮನೆಗೆ ಬಂದು ಕೇಳಿದೆ, "ಇಷ್ಟು ನಗು ನಿನ್ನ ಹತ್ರ ಇತ್ತಾ? ನನ್ ಎದುರು ಯಾಕೆ ಯಾವತ್ತೂ ಹೀಗೆ ನಕ್ಕಿಲ್ಲ?" ಅವನು ಹೇಳಿದ, "ನಕ್ಕರೆ ಭಾನುವಾರದ ಸಭೆಯಲ್ಲಿ ಬರುತ್ತೆ ಅಂದ್ಕೊಂಡಿದ್ದೆ." ನಾನು ತಟ್ಟೆ ಇಟ್ಟೆ, ಅವನು ಬಡಿಸಿದ.

ಆಟ, ನಗು, ಬಚ್ಚಿಡುವುದು: ಇವೆಲ್ಲ ನಿಜವನ್ನು ಮುಚ್ಚುವ ಪರದೆಗಳು. ನಿಮ್ಮ ಮನೆಯಲ್ಲೂ ಅದೇ ನಡೆದಿದೆ. ಗಂಡ ಹೆಂಡತಿಯ ನಡುವೆ ಸುಳ್ಳಿರಬಾರದು ಎಂದು ನಾನು ನಂಬುವುದರಿಂದ ಹೇಳುತ್ತೇನೆ, ಕೇಳು. ನಿನ್ನ ಕಣ್ಣು ಮಂಜಾಗಿರುವುದು ಅಪ್ಪನಿಗೆ ಗೊತ್ತು. ನೀನು ಗೆಲ್ಲಲಿ ಎಂದು ಅವರು ಇರುವೆಯನ್ನು ದೊಡ್ಡದು ಮಾಡುತ್ತಿದ್ದಾರೆ. ನೀನು ಗೆಲ್ಲುತ್ತಿಲ್ಲ, ನಿನ್ನನ್ನು ಗೆಲ್ಲಿಸಲಾಗುತ್ತಿದೆ. ಇದು ಪ್ರೀತಿಯೇ ಇರಬಹುದು, ಆದರೂ ಮೋಸ. ಆಟ ನಿಲ್ಲಿಸಿ. ಡಾಕ್ಟರ ಹತ್ತಿರ ಹೋಗಿ.

ನಿಜ ಹೇಳಿದ್ದಕ್ಕೆ ಕ್ಷಮೆ ಕೇಳದ,
ಮಗಳು


ಏಪ್ರಿಲ್ 5

ಅಮ್ಮಾ, ಅಪ್ಪಾ,

ನಿಮ್ಮ ಕಾಗದವಿಲ್ಲ. ಎರಡು ಸಲ ಬರೆದೆ, ಅದಕ್ಕೂ ಇಲ್ಲ. ಅಂಚೆಯವನು ಕಾರ್ಖಾನೆ ಗೇಟಿನಲ್ಲಿ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ.

ಕೋಪವೇ? ಇರಲಿ, ಬೈದಾದರೂ ಬರೆಯಿರಿ. ಆಟ ನಿಂತುಹೋಯಿತೇ? ಅಮ್ಮ ಬೋರ್ಡಿನ ಮುಂದೆ ಬಗ್ಗುವುದು, ಅಪ್ಪ ಹಿಂದೆ ನಿಂತು ಮೀಸೆ ತಿರುವುತ್ತಾ ಸುಳ್ಳು ದಿಕ್ಕು ತೋರಿಸುವುದು, ಇವಿಲ್ಲದ ಅಂಗಡಿಯನ್ನು ನೆನೆಸಿಕೊಳ್ಳಲು ಹೋದರೆ ಆಗುವುದಿಲ್ಲ. ನಿಜ ಹೇಳಬೇಕು ಎಂಬುದರಲ್ಲಿ ನನಗೆ ಈಗಲೂ ಸಂದೇಹವಿಲ್ಲ. ಆದರೆ ನಿಜ ಹೇಳಿದ ಮೇಲೆ ಮನೆಯಲ್ಲಿ ಏನಾಗುತ್ತದೆ ಎಂದು ಯಾವ ಪುಸ್ತಿಕೆಯೂ ಬರೆದಿಲ್ಲವಲ್ಲ!

ಇಲ್ಲಿಯ ತಮಾಷೆ ಕೇಳಿ. ಮೀಸೆ ಒಂದು ಇರುವೆ ಹಾಕಿದರೆ ಇನ್ನೊಂದೂ ಇದ್ದೇ ಇರಬೇಕು ಎಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ಪಾಳಿ ಬಿಟ್ಟವರೆಲ್ಲ ಬೋರ್ಡಿನ ಕೆಳಗೆ ಕತ್ತು ಎತ್ತಿ ನಿಲ್ಲುತ್ತಾರೆ. ಕತ್ತು ನೋವು ಬಂದವರು ಮೇಲೆ ಬಂದು ಕುಳಿತು ಓದುತ್ತಾರೆ. ಬೆಂಚು ಸಾಲುತ್ತಿಲ್ಲ! ಪ್ಯಾಕಿಂಗ್ ಹೆಂಗಸರು ನನ್ನನ್ನು "ಇರುವೆಯಮ್ಮ" ಎನ್ನುತ್ತಾರೆ. ನಾನು ಗಂಭೀರವಾಗಿಯೇ ಇರುತ್ತೇನೆ.

ನಾವಿಬ್ಬರೂ ಹಾಗೇ ಇದ್ದೇವೆ. ಅವನು ಒಳ್ಳೆಯವನು. ತನ್ನ ಪಾಲಿನ ಪಾತ್ರೆ ತೊಳೆಯುತ್ತಾನೆ, ನನ್ನ ಪಾಲಿನದನ್ನೂ ಕೆಲವೊಮ್ಮೆ ತೊಳೆದು ಹೇಳದೆ ಇಡುತ್ತಾನೆ. ಆದರೆ ಮನೆಯೊಳಗೆ ಕಾಲಿಟ್ಟರೆ ಕಚೇರಿಗೆ ಬಂದಂತಾಗುತ್ತದೆ. ಇಬ್ಬರೂ ಒಳ್ಳೆಯ ಗುಮಾಸ್ತರು. ಜೂನ್ ಒಂದಕ್ಕೆ ನಾನು ಬೇಡ ಎನ್ನುತ್ತೇನೆ ಅನ್ನಿಸುತ್ತಿದೆ. ಅಟ್ಟದಿಂದ ತಗಡಿನ ಟ್ರಂಕು ಇಳಿಸಿದ್ದೇನೆ. ಅವನು ನೋಡಿದ. ಧೂಳು ಒರೆಸಿ ಕೊಟ್ಟ.

ಒಂದು ಸಾಲಾದರೂ ಸಿಕ್ಕರೆ ಸಾಕೆನ್ನುವ,
ಸಿಡಿಲಮರಿ


ಏಪ್ರಿಲ್ 24

ಮಗಳೇ,

ನಿನ್ನ ಕಾಗದಗಳನ್ನೆಲ್ಲ ಇವತ್ತು ನಾನೇ ಓದಿದೆ. ನನ್ನ ಕಣ್ಣಿನಿಂದ, ದೂರ ಹಿಡಿದು! ನಿನ್ನ ಅಕ್ಷರ ಇಷ್ಟು ಕೆಟ್ಟದಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಅಕ್ಷರ ಬರೆಯುವವಳ ಮಗಳು ನೀನು, ನಾಚಿಕೆ.

ಮಾರ್ಚಿನಲ್ಲಿ ನೀನು ಬರೆದದ್ದನ್ನು ನಿಮ್ಮಪ್ಪ ಅಂಗಡಿಯಲ್ಲಿ ಗಟ್ಟಿಯಾಗಿ ಓದುತ್ತಾ ಓದುತ್ತಾ ನನ್ನ ಕಣ್ಣಿನ ಮಾತಿಗೆ ಬಂದು ನಿಂತರು. ನಾನೂ ನಿಂತೆ. ಬಣ್ಣದ ಡಬ್ಬಿಯ ಮೇಲೆ ನೊಣ ಕೂತಿತು, ಇಬ್ಬರೂ ಓಡಿಸಲಿಲ್ಲ. ಆಮೇಲೆ ನಾನೇ ಕೇಳಿದೆ.

"ಕಡಲೆಕಾಳಿನಷ್ಟು ಇರುವೇನ ಯಾರು ತಾನೇ ಬಚ್ಚಿಡ್ತಾರ್ರೀ? ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

"ನಿನಗೆ ಗೊತ್ತು ಅಂತ ನನಗೆ ಗೊತ್ತಿತ್ತು."

"ಹೇಗೆ?"

"ಸಿಕ್ಕಿದ ಮೇಲೂ ಸುಳ್ಳುಸುಳ್ಳೇ ಹುಡುಕ್ತಿದ್ದೆ. ಆಗ ನಿನ್ ತುಟಿ ತುದಿ ಅಲ್ಲಾಡ್ತಿತ್ತು."

ನಾನು ಸಿಕ್ಕಿಬಿದ್ದೆ. ನಗುವುದೋ ಅಳುವುದೋ ತಿಳಿಯಲಿಲ್ಲ. ಆಗ ಅವರು ಬ್ರಷ್ ಕೆಳಗಿಟ್ಟು, "ಆದ್ರೆ ಜಡೆ, ಮುಂದೆ ಆನೆಯಷ್ಟು ಬರೆದ್ರೂ ಕಾಣದೆ ಹೋದ್ರೆ? ಆಗೇನ್ ಮಾಡ್ಲಿ?" ಅಂದರು. ಮಾರನೆಯ ದಿನವೇ ಡಾಕ್ಟರ ಬಳಿಗೆ ನಡೆದೆ, ಅವರ ತೋಳು ಚಿವುಟಿ ಹಿಡಿದುಕೊಂಡು. ಎರಡೂ ಕಣ್ಣಿನಲ್ಲಿ ಪೊರೆ. ಒಂದಾದ ಮೇಲೊಂದು ತೆಗೆದರು. ಓದು ಬರಹ ಬೇಡ ಎಂದಿದ್ದರು. ಅವಳಿಗೆ ಬರೆಯಬೇಡಿ, ಕೆಲಸ ಬಿಟ್ಟು ಓಡಿ ಬರುತ್ತಾಳೆ ಎಂದು ನಿಮ್ಮಪ್ಪನ ಬಾಯಿ ಕಟ್ಟಿದವಳು ನಾನು.

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಮಲಗುವ ಕೋಣೆಯ ಬಾಗಿಲು ತೆರೆದರೆ ಏನಿರಬೇಕು ಹೇಳು! ಎದುರು ಗೋಡೆಯ ತುಂಬ ಎಮ್ಮೆಯಷ್ಟು ದೊಡ್ಡ ಇರುವೆ. ಕಪ್ಪಗೆ ಮಿರಮಿರ ಮಿಂಚುತ್ತಾ, ಮುಖಕ್ಕೆ ಮೀಸೆ, ಬೆನ್ನ ಮೇಲೆ ಜಡೆ. ನಿಮ್ಮಪ್ಪ ಏನೂ ತಿಳಿಯದವರ ಹಾಗೆ, "ಈ ಕೋಣೆಯಲ್ಲಿ ಎಲ್ಲೋ ಒಂದು ಇರುವೆ ಇದೆ. ಹುಡುಕು ನೋಡೋಣ" ಅಂದರು. ಡಾಕ್ಟರು ನಗಬೇಡಿ ಎಂದು ಹೇಳಿರಲಿಲ್ಲ, ಪುಣ್ಯ.

ಈಗ ಮತ್ತೆ ಎಳ್ಳಿನಷ್ಟು ಬರೆಯುತ್ತಿದ್ದಾರೆ. ಸೋತವರಿಗೆ ಟೀ ಕೆಲಸ ತೆಗೆದೆವು, ನಿನ್ನ ಟೀಕೆ ಸರಿಯಾಗಿತ್ತು. ಟೀ ಇಬ್ಬರೂ ಮಾಡುತ್ತೇವೆ. ಸೋತವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಒಂದು ಹಾಡು ಹೇಳಬೇಕು. ನಿನ್ನೆ ನಿಮ್ಮಪ್ಪ ಹಾಡಿದರು. ಎದುರಂಗಡಿಯವರು ಷಟರ್ ಎಳೆದುಕೊಂಡರು. ಹಾಂ, ಬೋರ್ಡುಗಳ ಮೂಲೆಯಲ್ಲಿ ಈಗ 'ಮೀಸೆ–ಜಡೆ' ಎಂದಿರುತ್ತದೆ. ನನ್ನ ಹೆಸರನ್ನು ಮೊದಲ ಸಲ ಬರೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಅದು ನಿನ್ನಿಂದ.

ನಿಜ ಹೇಳಿದೆ, ಒಳ್ಳೆಯದು ಮಾಡಿದೆ. ಆದರೆ ಆಟವನ್ನು ಮೋಸ ಅಂದೆಯಲ್ಲ, ಅಲ್ಲಿ ಎಡವಿದೆ. ಮೋಸದಲ್ಲಿ ಒಬ್ಬರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಇಬ್ಬರಿಗೂ ಗೊತ್ತಿತ್ತು.

ಮೊದಲ ಇರುವೆಯ ಕಥೆ ನಿನಗೆ ಹೇಳಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಬೋರ್ಡಿನ ಬಣ್ಣದ ಮೇಲೆ ಜಗಳವಾಗಿ ಇಬ್ಬರೂ ಮಾತು ಬಿಟ್ಟಿದ್ದೆವು. ಅವರು ಅತ್ತ ಮುಖ, ನಾನು ಇತ್ತ ಮುಖ. ನಾನು ತವರಿಗೆ ಹೋಗುವವಳೇ ಇದ್ದೆ. ಹೊರಡುವ ಮುಂಚೆ ಬರೆದ ಅಕ್ಷರ ಒಣಗಿದೆಯೇ ಎಂದು ನೋಡಲು ಹೋದರೆ ಮೇಲೆ ಇರುವೆ. ಅಂಟಿಕೊಂಡು ಸಾಯುತ್ತದೆ ಎಂದು ಉಗುರಿನಿಂದ ಚಿಮ್ಮಿದೆ, ನಿಮ್ಮ ಅಧ್ಯಕ್ಷರ ಹಾಗೆಯೇ. ಹೋಗಲಿಲ್ಲ. ಕೋಪದಲ್ಲಿದ್ದೇನೆ ಎಂದು ನೆನಪಾಗುವ ಮೊದಲೇ ನಕ್ಕುಬಿಟ್ಟಿದ್ದೆ.

ಜೂನ್ ಒಂದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದು ನಿಮ್ಮ ಸಭೆ. ಇಷ್ಟು ಮಾತ್ರ: ನಿಮ್ಮ ಬೋರ್ಡಿನಲ್ಲಿ ಎರಡನೆಯ ಇರುವೆ ಇದೆ. ಅದು ನಾನು ಹಾಕಿದ್ದು.

ಹೊಸ ಕಣ್ಣುಗಳಿಂದ ದಾರಿ ನೋಡುತ್ತಿರುವ,
ಜಡೆ


ಮೇ 13

ಅಮ್ಮಾ! ಅಮ್ಮಾ!

ನಿನ್ನ ಕಣ್ಣು! ಕಾಗದ ಓದಿ ಪ್ಯಾಕಿಂಗ್ ಮೇಜಿನ ಹತ್ತಿರವೇ ಅತ್ತೆ. ಅಲ್ಲೇ ನಕ್ಕೆ. ಮೇಲ್ವಿಚಾರಕಿ ನನಗೆ ನೀರು ತಂದುಕೊಟ್ಟಳು.

ಇರುವೆ ಸಿಕ್ಕಿತು! ಕಾಗದವನ್ನು ಸಂಗಾತಿಗೆ ಓದಲು ಕೊಟ್ಟೆ. ಟ್ರಂಕಿನ ವಿಷಯ ನಿನಗೆ ಬರೆದಿದ್ದೆ ಎಂದು ಅವನಿಗೆ ಹೇಳಲಿಲ್ಲ, ಆದರೆ ಜೂನ್ ಒಂದು ಎಂದು ನೀನು ಬರೆದ ಜಾಗದಲ್ಲಿ ಅವನ ಕಣ್ಣು ನಿಂತದ್ದು ಕಂಡೆ. ಮಡಿಸಿ ಕೈಗೆ ಕೊಟ್ಟು, "ಏಣಿ ತರ್ಲಾ?" ಎಂದ. ನಾನು ಮೇಲೆ, ಅವನು ಕೆಳಗೆ ಏಣಿ ಹಿಡಿದು. ಕೆಂಪು ಅಕ್ಷರದ ಪ್ರತಿ ತಿರುವನ್ನೂ ಬೆರಳಿನಿಂದ ಸವರಿದೆ. ಇಲ್ಲ. ಆಮೇಲೆ ಅವನು ಮೇಲೆ, ನಾನು ಕೆಳಗೆ. ಇಲ್ಲ. ಸೈಕಲ್ ಅಂಗಡಿಯವರು ಪಂಕ್ಚರ್ ಬಿಟ್ಟು ಬಂದು ದಾರಿ ಹೇಳತೊಡಗಿದರು.

"ನಿಮ್ಮಮ್ಮ ನಿನಗಿಂತ ಜಾಣೆ. ಕಾಣೋ ಕಡೆ ಹಾಕಿರಲ್ಲ," ಎಂದ ಸಂಗಾತಿ.

"ಅಂದ್ರೆ ನಾನು ದಡ್ಡಿ ಅಂತ? ಭಾನುವಾರ ಬರ್ಕೊಳ್ತೀನಿ."

"ಬರ್ಕೋ. ದಪ್ಪ ಅಕ್ಷರದಲ್ಲಿ ಬರ್ಕೋ!"

ಅವನು ಹೀಗೆ ತಿರುಗಿ ಮಾತಾಡಿದ್ದು ಇದೇ ಮೊದಲು. ಇಬ್ಬರೂ ಸೇರಿ ಬೋರ್ಡನ್ನೇ ಕೆಳಗಿಳಿಸಿದೆವು. ಅರ್ಧ ದಾರಿಯಲ್ಲಿ ಕೈ ಜಾರಿತು, ಅವನು ಮೊಣಕಾಲು ಕೊಟ್ಟು ತಡೆದ. ಹಿಂದೆ ತಿರುಗಿಸಿ ನೋಡಿದರೆ, ಬೆನ್ನಿನ ಚೌಕಟ್ಟಿನ ಮೇಲೆ, ಮೇಲಕ್ಕೆ ಹತ್ತುತ್ತಿರುವ ಎಳ್ಳಿನಷ್ಟು ಇರುವೆ! ಇಬ್ಬರೂ ಸೇರಿ ಬೋರ್ಡು ಇಳಿಸದಿದ್ದರೆ ಯಾರಿಗೂ ಕಾಣದ ಜಾಗ. ಕಣ್ಣು ಮಂಜಾಗಿದ್ದಾಗ ಇಷ್ಟು ಸಣ್ಣದನ್ನು ಹೇಗೆ ಬರೆದೆ? ಮೂಗಿಗೆ ಬಣ್ಣ ಹತ್ತಿರಬೇಕು!

ಒಂದು ಸಂಜೆ ನಕ್ಕದ್ದಕ್ಕೆ ಒಂದು ಮದುವೆ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಮಾರನೆಯ ದಿನ ಅವನು ಮತ್ತೆ ಕಾರ್ಯದರ್ಶಿ, ನಾನು ಮತ್ತೆ ಅಧ್ಯಕ್ಷೆ. ಟ್ರಂಕಿನಲ್ಲಿ ನನ್ನ ಪುಸ್ತಿಕೆಗಳೂ ಚಳಿಬಟ್ಟೆಗಳೂ ಹಾಗೇ ಇವೆ. ಏನು ಹೇಳುತ್ತೇನೋ ನನಗೇ ತಿಳಿಯದು.

ಮೊಣಕೈಗೆ ಬೋರ್ಡಿನ ಗೀರು ಬಿದ್ದಿರುವ,
ಸಿಡಿಲಮರಿ


ಜೂನ್ 2

ಅಮ್ಮಾ,

ನಿನ್ನೆ ನಮ್ಮ ಸಭೆ. ಬೆಳಿಗ್ಗೆ ಎದ್ದು ಮೇಜು ಒರೆಸಿದೆ, ಎರಡು ಕುರ್ಚಿ ಎದುರು ಬದುರು ಹಾಕಿದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕಾರು ಸಲ ಹೇಳಿಕೊಂಡಿದ್ದೆ: ನಾವಿಬ್ಬರೂ ಪ್ರಾಮಾಣಿಕರು, ಆದ್ದರಿಂದ ಪ್ರಾಮಾಣಿಕವಾಗಿ ಬೇರೆಯಾಗೋಣ. ಒಳ್ಳೆಯ ವಾಕ್ಯ. ಓದುಕೋಣೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು.

ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಮೊದಲೇ ಟ್ರಂಕಿಗೆ ಹಾಕಿದ್ದೆ. ಅದನ್ನೇ ತೊಡೋಣವೆಂದು ಮುಚ್ಚಳ ಎತ್ತಿದೆ. ಅಂಗಿಯ ಎದೆಯ ಮೇಲೆ ಕಪ್ಪು ಕಲೆ. ನೋಡಿದರೆ ಇರುವೆಯ ಅಚ್ಚು! ಮುಚ್ಚಳದ ಒಳಗಡೆ ತಲೆ ಬಗ್ಗಿಸಿ ನೋಡಿದೆ. ಅಲ್ಲಿತ್ತು ಅದು. ತಗಡಿನ ಮೇಲೆ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ತುಂಬಿದ ಬಟ್ಟೆ ಮೇಲೆದ್ದು ತಾಗಿ ಅಚ್ಚು ಬಿದ್ದಿತ್ತು. ಇಂಥ ಇರುವೆಯನ್ನು ಅಪ್ಪ ಕಂಡರೆ ಅಂಗಡಿ ಬಾಗಿಲು ಹಾಕುತ್ತಾರೆ. ತಲೆ ಈರುಳ್ಳಿಯ ಹಾಗೆ, ಸೊಂಟವೇ ಇಲ್ಲ. ಕಾಲು ಎಣಿಸಿದೆ. ಎಂಟು.

ಟ್ರಂಕು ತುಂಬಿ ಹೊರಡುವವಳು ಮುಚ್ಚಳ ಎತ್ತಲೇಬೇಕು ಎಂದು ಲೆಕ್ಕ ಹಾಕಿದ್ದಾನೆ, ಅಮ್ಮಾ. ಫಿಟ್ಟರಲ್ಲವೇ!

ಮುಚ್ಚಳ ಹಾಕಿದೆ. ಹಳೆಯ ಅಂಗಿಯಲ್ಲೇ ಹೋಗಿ ಕುರ್ಚಿಯಲ್ಲಿ ಕುಳಿತೆ. ಅವನು ಎದುರು ಕುಳಿತಿದ್ದ, ಮುಖ ಕಲ್ಲಿನ ಹಾಗೆ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣ.

"ನಿನ್ನ ತೀರ್ಮಾನ?" ಎಂದ.

"ಇವತ್ತು ಆಗಲ್ಲ. ಒಂದು ವರ್ಷ ಮುಂದಕ್ಕೆ ಹಾಕೋಣ."

"ಕಾರಣ ಬರೀಬೇಕಲ್ಲ?"

"ನನ್ನ ಕಡೆ ಒಂದು ಕೆಲಸ ಬಾಕಿ ಇದೆ ಅಂತ ಬರಿ."

ಅವನು ನನ್ನ ಮುಖವನ್ನೇ ನೋಡಿದ. ನನ್ನ ತುಟಿಯ ತುದಿಯನ್ನು ನೋಡಿದ ಅನ್ನಿಸುತ್ತದೆ. ನಾನು ಗಟ್ಟಿಯಾಗಿ ಕಚ್ಚಿ ಹಿಡಿದಿದ್ದೆ. ನೀನು ಮೂವತ್ತು ವರ್ಷದಿಂದ ಹೇಗೆ ಹಿಡಿದಿದ್ದೀಯೋ, ಮಹಾತಾಯಿ! ಅವನು ತಲೆ ತಗ್ಗಿಸಿ ಬರೆದುಕೊಂಡ. ಬರೆಯುವಾಗ ಆ ಸೊಟ್ಟ ಹಲ್ಲು ಒಂದು ಕ್ಷಣ ಕಂಡು ಮರೆಯಾಯಿತು.

ಅಪ್ಪನ ಹತ್ತಿರ ಇರುವುದರಲ್ಲಿ ಎಲ್ಲಕ್ಕಿಂತ ಸಣ್ಣ ಬ್ರಷ್ಷನ್ನೂ ಒಂದು ಹನಿ ಕಪ್ಪು ಬಣ್ಣವನ್ನೂ ಕಾರ್ಖಾನೆಯ ವಿಳಾಸಕ್ಕೆ ಕಳಿಸು, ಮನೆಗೆ ಬೇಡ. ಅವನು ಗಿರಣಿಗೆ ಒಯ್ಯುವ ಊಟದ ಡಬ್ಬಿಯ ತಳವನ್ನು ಆಗಲೇ ನೋಡಿಟ್ಟಿದ್ದೇನೆ.

ಇರುವೆಗೆ ಆರೇ ಕಾಲು ಎಂದು ಅವನಿಗೆ ಯಾರೂ ಹೇಳಿದಂತಿಲ್ಲ. ನಿಜ ಹೇಳುವುದು ಕರ್ತವ್ಯ ಎಂದು ನಿನಗೆ ಬರೆದವಳೇ ನಾನು, ಆ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಹೇಳುತ್ತೇನೆ.

ನನ್ನ ಇರುವೆಗೂ ಎಂಟು ಕಾಲು ಬರೆದು ಹೇಳುತ್ತೇನೆ.

ಬ್ರಷ್ಷಿಗಾಗಿ ಅಂಚೆಯವನ ಹಿಂದೆ ಬಿದ್ದಿರುವ,
ಸಿಡಿಲಮರಿ